ಪ್ರತಿ ಕಲಮಿಗೂ ಒಂದು ವೀರಗಲ್ಲು

ಕೆಲಸ ಶುರುವಾಗುವುದು ಸೋಮವಾರ, ಲಾಗಿನ್ ಕೈಗೆ ಸಿಗುವುದು ಮುಂದಿನ ವಾರದ ಬುಧವಾರ. ಪುಣೆಯ ಐಟಿ ಕಂಪನಿಗಳ ತಾಣವಾದ ಹಿಂಜವಡಿಯಲ್ಲಿ ಉಪಗುತ್ತಿಗೆ ಹಿಡಿದವರ ಅರ್ಧಕ್ಕರ್ಧ ಅವಾಂತರ ಹುಟ್ಟುವುದು ಈ ಒಂಬತ್ತು ದಿನಗಳ ಸಂದಿಯಲ್ಲೇ.

ಸರಪಳಿ ಹೀಗಿರುತ್ತದೆ. ಎಲ್ಲಕ್ಕಿಂತ ಮೇಲೆ ಫೇಸ್ ಎರಡರ ಗಾಜಿನ ಕಟ್ಟಡದ ದೊಡ್ಡ ಕಂಪನಿ. ಅದರ ಕೆಳಗೆ ಬಾಣೇರಿನ ಅರ್ಧ ಮಹಡಿಯಲ್ಲಿ ವೆಂಡರ್, ಅಂದರೆ ಕಂಪನಿಯಿಂದ ನೇರ ಗುತ್ತಿಗೆ ಹಿಡಿದವನು. ಅವನ ಕೆಳಗೆ ವಾಕಡಿನ ಮಿಠಾಯಿ ಅಂಗಡಿಯ ಮೇಲೆ ಎರಡು ಕೋಣೆ ಹಿಡಿದ ಉಪಗುತ್ತಿಗೆದಾರ. ಅವನ ಕೈಕೆಳಗೆ ಧಾರವಾಡ, ಬೆಳಗಾವಿ, ವಿಜಯಪುರ, ಮೈಸೂರಿನಿಂದ ಬಂದು ಒಂದೇ ಫ್ಲಾಟಿನಲ್ಲಿ ಇರುವ ಐದು ಹುಡುಗರು. ಮೇಲಿನವರು ಹಾಕಿದ ಷರತ್ತುಗಳು ಒಂದಕ್ಷರವೂ ಉದುರದೆ ಫ್ಲಾಟಿನವರೆಗೆ ಇಳಿಯುತ್ತವೆ. ದುಡ್ಡು ಮಾತ್ರ ಪ್ರತಿ ಮಹಡಿಯಲ್ಲೂ ಸ್ವಲ್ಪ ಸುಧಾರಿಸಿಕೊಂಡು ಇಳಿಯುತ್ತದೆ.

ಆ ಷರತ್ತುಗಳಿರುವುದು ಒಪ್ಪಂದದ ಕೊನೆಯ ಅನುಬಂಧದಲ್ಲಿ: ಮಾಹಿತಿ ವ್ಯವಸ್ಥೆಗಳ ಬಳಕೆಯ ನಿಯಮಗಳು. ದರದ ಪುಟವನ್ನು ನಾಲ್ಕು ಸಲ ಓದುವವರು ಇದನ್ನು ಸಹಿ ಎಲ್ಲಿದೆ ಎಂದು ಹುಡುಕುವಷ್ಟು ಮಾತ್ರ ಓದುತ್ತಾರೆ. ಓದಿದರೆ ರುಚಿ ಗೊತ್ತಾಗುತ್ತದೆ. ಊರ ಹೊರಗಿನ ವೀರಗಲ್ಲಿನ ಹಾಗೆ, ಒಂದೊಂದು ಕಲಮಿನ ಕೆಳಗೂ ಯಾರೋ ಒಬ್ಬ ಜಾಣ ಬಿದ್ದಿದ್ದಾನೆ. ‘ಯುಪಿಎಸ್ ಸಾಕೆಟ್ಟಿಗೆ ಕೆಟಲ್ ಹಾಕತಕ್ಕದ್ದಲ್ಲ’ ಎಂದಿದ್ದರೆ ಅಲ್ಲಿ ಯಾರೋ ಚಹಾ ಕಾಯಿಸಿದ್ದಾರೆ, ಸರ್ವರ್ ಮಲಗಿದೆ. ವೀರಗಲ್ಲಿನ ಮೇಲಿನ ಪಟ್ಟಿಕೆಯಲ್ಲಿ ಸತ್ತವನಿಗೆ ಕೈಲಾಸ ಕೆತ್ತಿರುತ್ತಾರೆ. ಇಲ್ಲಿ ಆ ಪಟ್ಟಿಕೆ ಬಿಟ್ಟುಹೋಗಿದೆ, ಅಷ್ಟೇ.

ಮೊದಲ ಕಲಮು ಎಲ್ಲ ಕಡೆಯೂ ಒಂದೇ: ಒಬ್ಬರಿಗೆ ಒಂದು ಐಡಿ, ಅದನ್ನು ಇನ್ನೊಬ್ಬರಿಗೆ ಕೊಡಕೂಡದು. ಐಡಿ ಬರಬೇಕಾದರೆ ಕಂಪನಿಯೊಳಗಿನ ಒಬ್ಬ ಮ್ಯಾನೇಜರ್ ಜವಾಬ್ದಾರಿ ಹೊತ್ತು ಟಿಕೆಟ್, ಅಂದರೆ ಐಟಿ ವಿಭಾಗಕ್ಕೆ ಬೇಡಿಕೆ, ಹಾಕಬೇಕು. ಪ್ರತಿಯೊಬ್ಬರೂ ಗೋಪ್ಯತೆಯ ಪತ್ರಕ್ಕೆ ಬೇರೆಬೇರೆಯಾಗಿ ಸಹಿ ಮಾಡಬೇಕು. ಹಿನ್ನೆಲೆ ಪರಿಶೀಲನೆ ಮುಗಿಯಬೇಕು, ಭದ್ರತಾ ತರಬೇತಿಯ ವಿಡಿಯೊ ನೋಡಿ ಉತ್ತರ ಟಿಕ್ ಮಾಡಬೇಕು. ಆ ಮ್ಯಾನೇಜರ್ ರಜೆಯಲ್ಲಿದ್ದರೆ ಟಿಕೆಟ್ಟೂ ಅವರ ಜೊತೆ ಕೊಂಕಣಕ್ಕೆ ಹೋಗಿರುತ್ತದೆ. ಪರಿಶೀಲನೆಯಲ್ಲಿ ಸಿಕ್ಕಿಬೀಳುವವರು ಮೈಸೂರು ಕಡೆಯವರು. ಪುಣೆಯ ಫಾರಂ ಕೇಳುವುದು ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಖಾನೆ. ಇವರ ಆಧಾರ್‌ನಲ್ಲಿ ‘ಮಂಜುನಾಥ ಎಸ್’, ಅಂಕಪಟ್ಟಿಯಲ್ಲಿ ‘ಎಸ್ ಮಂಜುನಾಥ’, ಪ್ಯಾನ್‌ನಲ್ಲಿ ‘ಎಸ್’ ಬಿಚ್ಚಿಕೊಂಡು ‘ಶಿವಲಿಂಗಯ್ಯ’. ಒಬ್ಬನೇ ಮನುಷ್ಯ ಮೂವರಾಗಿ ಕಂಡು, ನೋಟರಿಯ ಅಫಿಡವಿಟ್ ಬರುವವರೆಗೆ ಕಡತ ನಿಲ್ಲುತ್ತದೆ.

ಅಷ್ಟರಲ್ಲಿ ಫ್ಲಾಟಿನಲ್ಲಿ ಒಬ್ಬನ ಲಾಗಿನ್ ಬಂದಿರುತ್ತದಲ್ಲ?

“ಲೇ ತಮ್ಮಾ, ನಿನ್ನ ಲಾಗಿನ್ ಎರಡ ದಿನ ಕೊಡೋ. ಬಾಳ ಅರ್ಜೆಂಟ್ ಐತಿ.”

“ತಗೋ ಅಣ್ಣಾ, ಅದರಾಗೇನೈತಿ.”

ಅದರಾಗ ಏನೈತಿ ಅನ್ನುವುದು ಶುಕ್ರವಾರ ರಾತ್ರಿ ಗೊತ್ತಾಗುತ್ತದೆ. ತಮ್ಮ ಧಾರವಾಡದ ಸ್ಲೀಪರ್ ಬಸ್ಸಿನಲ್ಲಿ ಮೇಲಿನ ಬರ್ತ್ ಹಿಡಿದು ಹೋಗಿದ್ದಾನೆ, ಅಣ್ಣ ವಾಕಡ್‌ನಲ್ಲಿ ಪಾಸ್‌ವರ್ಡ್ ಹೊಡೆದು ಕೂತಿದ್ದಾನೆ. ಎರಡನೇ ಬೀಗದ ಕೋಡ್ ಇರುವುದು ತಮ್ಮನ ಫೋನಿನ ಆ್ಯಪಿನಲ್ಲಿ: ಆರು ಅಂಕೆ, 30 ಸೆಕೆಂಡಿಗೊಮ್ಮೆ ಬದಲು. ತಮ್ಮ ಕಣ್ಣುಜ್ಜಿಕೊಂಡು “ನಾಕು, ಏಳು, ಎರಡು, ಒಂ...” ಅನ್ನುವಷ್ಟರಲ್ಲಿ ಬಸ್ಸು ಖಂಬಾಟ್ಕಿ ಘಾಟಿನ ತಿರುವು ಹತ್ತುತ್ತದೆ, ನೆಟ್‌ವರ್ಕ್ ಇಳಿಯುತ್ತದೆ. ಮತ್ತೆ ಸಿಕ್ಕಾಗ ಅಂಕೆ ಬದಲಾಗಿದೆ. ಐದು ಸಲ ತಪ್ಪಿದ ಮೇಲೆ ಖಾತೆ ಲಾಕ್. ಹೆಲ್ಪ್‌ಡೆಸ್ಕಿಗೆ ಫೋನ್ ಮಾಡಿದರೆ ಆ ಕಡೆಯ ಹುಡುಗಿ ತುಂಬ ಮರ್ಯಾದೆಯಿಂದ ಜನ್ಮದಿನಾಂಕ ಕೇಳುತ್ತಾಳೆ. ತಮ್ಮನ ಹುಟ್ಟುಹಬ್ಬಕ್ಕೆ ಕೇಕ್ ತಿಂದ ನೆನಪಿದೆ, ತಾರೀಖಿನ ನೆನಪಿಲ್ಲ. ಬೆಳಗಾಗುವಷ್ಟರಲ್ಲಿ ದಾಖಲೆಯಲ್ಲಿ ಒಂದೇ ಐಡಿಯ ಲಾಗಿನ್ ವಾಕಡ್‌ನದು, ಇಮೇಲ್ ತೆರೆದ ಫೋನ್ ಸಾತಾರಾದ್ದು. ಅಷ್ಟು ಸಾಕು, ವ್ಯವಸ್ಥೆ ತಾನಾಗೇ ಕೆಂಪು ಬಾವುಟ ಎತ್ತುತ್ತದೆ.

ಮೋಸದ ಉದ್ದೇಶದಿಂದ ಇನ್ನೊಬ್ಬರ ಪಾಸ್‌ವರ್ಡ್ ಬಳಸಿದರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಕಲಮಿನಂತೆ ಮೂರು ವರ್ಷದವರೆಗೆ ಸೆರೆ, ಒಂದು ಲಕ್ಷ ರೂಪಾಯಿವರೆಗೆ ದಂಡ. ಅಣ್ಣತಮ್ಮಂದಿರ ಕೈಸಾಲದಲ್ಲಿ ಮೋಸವಿಲ್ಲ, ನಿಜ. ಆದರೆ ಒಪ್ಪಂದ ಮುರಿಯುವುದಕ್ಕೆ ಕೆಟ್ಟ ಉದ್ದೇಶವೇನೂ ಬೇಕಿಲ್ಲ. ಇದಕ್ಕೆ ಮದ್ದು ಸರಳ, ಮಾಡುವವರು ಕಡಿಮೆ: ಹೆಸರುಗಳ ಪಟ್ಟಿ ಹದಿನೈದು ದಿನ ಮೊದಲೇ ಕಳಿಸುವುದು, ಟಿಕೆಟ್ ಹಾಕುವ ಅಧಿಕಾರ ಇಬ್ಬರು ಮ್ಯಾನೇಜರ್‌ಗಳಿಗೆ ಇರಲಿ ಎಂದು ಬರೆಸಿಕೊಳ್ಳುವುದು, ಕಂಪನಿಯಿಂದ ಲಾಗಿನ್ ತಡವಾದ ದಿನಗಳೂ ಬಿಲ್ಲಿಗೆ ಸೇರುತ್ತವೆ ಎಂಬ ಒಂದು ಸಾಲು ಸೇರಿಸುವುದು. ಈ ಮೂರನೆಯ ಸಾಲು ಇದ್ದರೆ ಲಾಗಿನ್ ಎಷ್ಟು ಬೇಗ ಬರುತ್ತದೆ ಅನ್ನುವುದು ನೋಡುವಂಥದ್ದು.

ಗುತ್ತಿಗೆದಾರರೆಂದರೆ ಕಂಪನಿಗಳಿಗೆ ಯಾಕಿಷ್ಟು ಭಯ? ಅಮೆರಿಕದ ಟಾರ್ಗೆಟ್ ಅಂಗಡಿ ಸರಪಳಿಯಿಂದ 2013ರಲ್ಲಿ ಸುಮಾರು ನಾಲ್ಕು ಕೋಟಿ ಕಾರ್ಡುಗಳ ವಿವರ ಕಳುವಾಯಿತು. ಕಳ್ಳರು ಒಳಗೆ ಬಂದದ್ದು ಶೀತಲೀಕರಣದ ಕೆಲಸ ಮಾಡುತ್ತಿದ್ದ ಗುತ್ತಿಗೆದಾರನ ಲಾಗಿನ್ ಹಿಡಿದುಕೊಂಡು. ಪುಣೆಯೇನೂ ಕಡಿಮೆಯಲ್ಲ: 2005ರಲ್ಲಿ ಇಲ್ಲಿನ ಒಂದು ಕಾಲ್ ಸೆಂಟರಿನ ಕೆಲವರು ಅಮೆರಿಕದ ಗ್ರಾಹಕರ ಪಿನ್‌ಗಳನ್ನು ನಯವಾಗಿ ಕೇಳಿ ತಿಳಿದು ಸುಮಾರು ಮೂರೂವರೆ ಲಕ್ಷ ಡಾಲರ್ ತಿರುಗಿಸಿದರು. ಆ ಮೇಲೆ ಕಾಲ್ ಸೆಂಟರುಗಳಲ್ಲಿ ಮೇಜಿನ ಮೇಲೆ ಪೆನ್ನು ಕಾಗದ ಕಂಡರೂ ಬೆಚ್ಚುವವರಿದ್ದಾರೆ. ಚಾಕಣದ ವಾಹನ ಕಾರ್ಖಾನೆಗಳಿಗೆ ಹೋದರೆ ಗೇಟಿನಲ್ಲೇ ಫೋನಿನ ಕ್ಯಾಮೆರಾಕ್ಕೆ ಸ್ಟಿಕರ್. ಮಳೆಗಾಲದಲ್ಲಿ ಅದು ಒದ್ದೆಯಾಗಿ ಉದುರುತ್ತದೆ. ಹೊರಬರುವಾಗ ಸ್ಟಿಕರ್ ಇಲ್ಲದ ಫೋನ್ ಹಿಡಿದವನ ಮುಖ ನೋಡಬೇಕು.

ಇನ್ನು ‘ಮನೆಗೆ ಹೋಗಿ ಮಾಡ್ತೀನಿ’ ಎಂಬ ಶ್ರದ್ಧಾವಂತರ ಕಲಮು. ಎಕ್ಸೆಲ್ ಹಾಳೆಯನ್ನು ಸ್ವಂತ ಜಿಮೇಲಿಗೆ ಕಳಿಸಿಕೊಳ್ಳುವುದನ್ನು ಹಿಡಿಯಲು ಒಂದು ತಂತ್ರಾಂಶ ಕಾದು ಕೂತಿರುತ್ತದೆ. ಅದು ಮನುಷ್ಯರ ಹಾಗೆ ಓದುವುದಿಲ್ಲ, ಆಕಾರ ನೋಡುತ್ತದೆ. ಐದು ಅಕ್ಷರ, ನಾಲ್ಕು ಅಂಕೆ, ಮತ್ತೊಂದು ಅಕ್ಷರ ಕಂಡರೆ ಪ್ಯಾನ್. ಹನ್ನೆರಡು ಅಂಕೆ ಕಂಡರೆ ಆಧಾರ್. ಪರೀಕ್ಷೆಗೆಂದು ಕಟ್ಟಿದ ಸುಳ್ಳು ಪ್ಯಾನ್‌ಗಳ ಇನ್ನೂರು ಸಾಲು ಕಳಿಸಿದರೂ ಇನ್ನೂರು ಜನರ ಮಾಹಿತಿ ಸೋರಿತೆಂದು ಬೊಬ್ಬೆ ಹಾಕುತ್ತದೆ. ಆದ್ದರಿಂದ ಸುಳ್ಳು ಡೇಟಾ ಕಟ್ಟುವಾಗಲೇ ಆಕಾರ ಕೆಡಿಸಿ, ಕಡತದ ಹೆಸರಿನಲ್ಲೇ ‘ಪರೀಕ್ಷಾ ಡೇಟಾ’ ಎಂದು ಬರೆದು, ಕಂಪನಿಯ ಫೋಲ್ಡರ್‌ನಲ್ಲೇ ಇಡುವುದು ಕ್ಷೇಮ. ಲ್ಯಾಪ್‌ಟಾಪಿನ ಯುಎಸ್‌ಬಿಗೆ ಫೋನ್ ಚಾರ್ಜಿಗೆ ಹಾಕಿದರೂ ಹಲವು ಕಡೆ ಎಚ್ಚರಿಕೆಯ ಗಂಟೆ ಹೊಡೆಯುತ್ತದೆ. ಬೆಳಗ್ಗೆ ಹತ್ತಕ್ಕೆ ಎಸಿ, ಹನ್ನೊಂದಕ್ಕೆ ಸ್ಲೀಪರ್ ಎಂದು ಕಂಪನಿಯ ಲ್ಯಾಪ್‌ಟಾಪಿನಲ್ಲೇ ತತ್ಕಾಲ್ ಹಿಡಿಯಲು ಕೂರುವವರ ಪರದೆಯೂ ದಾಖಲಾಗುತ್ತಿರಬಹುದು. ‘ಖಾಸಗಿತನ ನಿರೀಕ್ಷಿಸುವಂತಿಲ್ಲ’ ಎಂದು ಲಾಗಿನ್ನಿಗೆ ಮೊದಲೇ ಬರುವ ಆ ಚೌಕಕ್ಕೆ ದಿನವೂ ‘ಸರಿ’ ಒತ್ತುವವರು ನಾವೇ ತಾನೆ?

ಎಲ್ಲಕ್ಕಿಂತ ಕಷ್ಟದ್ದು ಗಂಟೆಗಳ ಲೆಕ್ಕ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಸೈಬರ್ ಅವಘಡ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ದೊಡ್ಡ ಕಂಪನಿಯ ಒಪ್ಪಂದವನ್ನು ನಕಲು ಹೊಡೆದ ವೆಂಡರ್ ತನ್ನ ಕೆಳಗಿನವನಿಗೂ ‘ಆರು ಗಂಟೆ’ ಎಂದೇ ಬರೆಯುತ್ತಾನೆ, ಅವನು ತನ್ನ ಕೆಳಗಿನವನಿಗೂ. ಸುದ್ದಿ ಮೂರು ಮಹಡಿ ಹತ್ತುವಷ್ಟರಲ್ಲಿ ಹದಿನೆಂಟು ಗಂಟೆ. ಆದ್ದರಿಂದ ಇಳಿದಂತೆಲ್ಲ ಗಂಟೆ ಕಡಿಮೆಯಾಗಬೇಕು: ತಳದವನಿಗೆ ಒಂದು, ನಡುವಿನವನಿಗೆ ಎರಡು, ಹೀಗೆ. ಜೊತೆಗೆ ಫೋನ್ ಮಾಡಬೇಕಾದ ನಂಬರ್ ಕೂಡ ಒಪ್ಪಂದದಲ್ಲೇ ಇರಲಿ. ಪುಣೆಯ ಗಣಪತಿ ವಿಸರ್ಜನೆಯ ಮೆರವಣಿಗೆ ಇಪ್ಪತ್ತನಾಲ್ಕು ಗಂಟೆ ದಾಟುವುದು ಹೊಸದಲ್ಲ. ಆ ಢೋಲ್ ತಾಷೆಯ ನಡುವೆ ಲ್ಯಾಪ್‌ಟಾಪ್ ಬ್ಯಾಗ್ ರಿಕ್ಷಾದಲ್ಲಿ ಬಿಟ್ಟವನು “ನಾಳೆ ಹುಡುಕಿದರಾಯ್ತು” ಅಂದುಕೊಂಡರೆ ಗಡುವು ಗಣಪನ ಜೊತೆ ಮುಳುಗಿದ ಹಾಗೆ.

ಹೊಣೆಯ ಕಲಮಿನಲ್ಲಿ ‘ಅಪರಿಮಿತ’ ಎಂಬ ಪದ ಕಂಡರೆ ಪೆನ್ನು ಕೆಳಗಿಡಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸರಿಯಾದ ಭದ್ರತೆ ಇಡದಿದ್ದಕ್ಕೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಆ ದಂಡ ಬೀಳುವುದು ದೊಡ್ಡ ಕಂಪನಿಯ ಮೇಲೆ, ಅದನ್ನು ಅವರು ಕೆಳಗೆ ಜಾರಿಸುವುದು ಈ ಒಂದು ಪದದ ಮೇಲೆ. ಒಂದು ಲಕ್ಷ ಬಂಡವಾಳದ, ಎರಡು ಕೋಣೆಯ ಕಂಪನಿ ಮಿಠಾಯಿ ಅಂಗಡಿಯ ಮೇಲೆ ಕೂತು ಅಪರಿಮಿತವಾಗಿ ಹೊಣೆ ಹೊರುವ ದೃಶ್ಯ ಬಹಳ ಭವ್ಯವಾದದ್ದು. ವರ್ಷದ ಬಿಲ್ಲಿನ ಇಷ್ಟು ಪಟ್ಟು ಎಂದು ಮಿತಿ ಕೇಳಿ, ಅದಕ್ಕೆ ತಕ್ಕ ಸೈಬರ್ ವಿಮೆ ಮಾಡಿಸುವುದು ಮೇಲು. ಹಾಗೆಯೇ ‘ಕಾಲಕಾಲಕ್ಕೆ ತಿದ್ದುಪಡಿಯಾಗುವ ನೀತಿಗಳು’ ಎಂದಿದ್ದರೆ, ಯಾವ ಆವೃತ್ತಿ, ಯಾವ ತಾರೀಖು ಎಂದು ಕೇಳಿ ಪಿಡಿಎಫ್ ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಇವತ್ತು ಸಹಿ ಹಾಕಿದ್ದು ಒಂದಕ್ಕೆ, ನಾಳೆ ಸಿಕ್ಕಿಬೀಳುವುದು ಇನ್ನೊಂದಕ್ಕೆ.

ಗುತ್ತಿಗೆ ಮುಗಿದ ಮೇಲೆಯೂ ಒಂದು ಅಂಕ ಬಾಕಿ. ಯಾರಾದರೂ ಕೆಲಸ ಬಿಟ್ಟರೆ 24 ಗಂಟೆಯೊಳಗೆ ತಿಳಿಸಬೇಕು ಎಂದಿರುತ್ತದೆ. ಆದರೆ ಬಿಟ್ಟವನ ಬೀಳ್ಕೊಡುಗೆಗೆ ಎಫ್.ಸಿ. ರಸ್ತೆಯಲ್ಲಿ ಮಸಾಲೆ ದೋಸೆ ತಿನ್ನಿಸಿದವರಿಗೆ ಅವನ ಐಡಿ ಮುಚ್ಚಿಸುವ ನೆನಪಿರುವುದಿಲ್ಲ. ಮೂರು ತಿಂಗಳಿಗೊಮ್ಮೆ ನಡೆಯುವ ಪರಿಶೀಲನೆಯಲ್ಲಿ ಆ ಐಡಿ ಜೀವಂತ ಸಿಕ್ಕಾಗ ಉತ್ತರ ಕೊಡಬೇಕಾದವನು ಉಪಗುತ್ತಿಗೆದಾರ. ಲ್ಯಾಪ್‌ಟಾಪನ್ನು ಶುದ್ಧವಾಗಿ ಒಪ್ಪಿಸೋಣವೆಂದು ತಾನೇ ಫಾರ್ಮ್ಯಾಟ್ ಮಾಡುವ ಸಂಭಾವಿತನದು ಇನ್ನೊಂದು ಕಥೆ. ಅವನು ಅಳಿಸಿದ್ದು ಕಂಪನಿಯ ಕಣ್ಣಿಗೆ ಕಸವಲ್ಲ, ಸಾಕ್ಷ್ಯ. ಅಳಿಸುವುದು ಅವರ ಕೆಲಸ. ನಮ್ಮದು ಒಪ್ಪಿಸಿ ರಸೀದಿ ತೆಗೆದುಕೊಳ್ಳುವುದು. ರಸೀದಿಯಲ್ಲಿ ಲ್ಯಾಪ್‌ಟಾಪಿನ ಸೀರಿಯಲ್ ನಂಬರ್, ಗುರುತಿನ ಚೀಟಿ, ಬ್ಯಾಗು, ಎಲ್ಲಕ್ಕೂ ಸರಾಗವಾಗಿ ಟಿಕ್ ಬೀಳುತ್ತಾ ಬರುತ್ತದೆ. ಕೊನೆಯ ಸಾಲು ಚಾರ್ಜರ್. ಅದು ಧಾರವಾಡದಲ್ಲಿ, ತಮ್ಮನ ಮನೆಯ ಟಿವಿ ಹಿಂದಿನ ಬೋರ್ಡಿನಲ್ಲಿ, ದೀಪಾವಳಿಯಿಂದ ಹಾಗೇ ಸಿಕ್ಕಿಸಿಕೊಂಡಿದೆ.