ಹಳತಾಗಲು ಬಿಡದ ಗುಡಿ

ಮೊನ್ನೆ ಬೆಂಗಳೂರಿನ ಗೆಳೆಯನೊಬ್ಬ ತನ್ನ ಹೊಸ ಫ್ಲಾಟಿನ ಫೋಟೊ ಕಳಿಸಿದ. ಹಾಲಿನ ಒಂದು ಗೋಡೆಗೆ ಬಿರುಕು ಬಿಟ್ಟ ಹಾಗೆ, ಸುಣ್ಣ ಉದುರಿದ ಹಾಗೆ ಕಾಣುವಂತೆ ಬೇಕಂತಲೇ ಬಣ್ಣ ಹೊಡೆಸಿದ್ದಾನೆ. "ವಾಬಿ ಸಾಬಿ ಮಾರಾಯ, ನಿನ್ನ ಜಪಾನಿನದ್ದೇ" ಅಂದ. ಹಳತಾಗಿ ಮಾಸಿದ್ದರಲ್ಲೇ ಚೆಂದ ಕಾಣುವ ಜಪಾನೀ ಅಭಿರುಚಿಗೆ ಆ ಹೆಸರು. ಚದರಡಿಗೆ ಎಷ್ಟಾಯ್ತು ಅಂತ ಕೇಳಿ ಸುಮ್ಮನಾದೆ. ಪುತ್ತೂರಿನ ಹತ್ತಿರ ನಮ್ಮಜ್ಜನ ಮನೆಯ ಗೋಡೆ ಪುಕ್ಕಟೆಯಾಗಿ ಹಾಗೇ ಇತ್ತು.

ಕೆಲಸದ ಮೇಲೆ ನಗೋಯಾಕ್ಕೆ ಬಂದು ಆರು ವರ್ಷವಾಯ್ತು. ಜಪಾನ್ ಅಂದರೆ ಹಳತನ್ನು ಜೋಪಾನ ಮಾಡುವ ದೇಶ ಅಂತ ಬರುವಾಗ ನಾನೂ ನಂಬಿದ್ದೆ. ನಾನಿರುವ ಅಪಾರ್ಟ್‌ಮೆಂಟಿನಲ್ಲಿ ತತಾಮಿ ಚಾಪೆ ಇಲ್ಲ, ನೆಲಕ್ಕೆ ಮರದ ಗೆರೆ ಅಚ್ಚೊತ್ತಿದ ಪ್ಲಾಸ್ಟಿಕ್ ಹಾಳೆ. 2023ರ ಸರ್ಕಾರಿ ಸಮೀಕ್ಷೆಯಲ್ಲಿ ದೇಶದಲ್ಲಿ ಖಾಲಿ ಬಿದ್ದಿರುವ ಮನೆಗಳು ಸುಮಾರು 90 ಲಕ್ಷ. ಹಳ್ಳಿಗಳ ಕಡೆ ಹೋದರೆ ಹೆಂಚು ಜಾರಿದ, ಬಿದಿರು ನುಗ್ಗಿದ ಮನೆಗಳು ಸಾಲುಸಾಲು. ಅದನ್ನು ಯಾರೂ ವಾಬಿ ಸಾಬಿ ಅನ್ನುವುದಿಲ್ಲ.

ಹಳತು, ಹೊಸತು ಅನ್ನುವ ನನ್ನ ಲೆಕ್ಕವೇ ತಲೆಕೆಳಗಾದದ್ದು ಇಸೆಯಲ್ಲಿ.

ಸೂರ್ಯದೇವತೆ ಅಮತೆರಾಸುವಿನ ದೇವಸ್ಥಾನವಿರುವ ಊರು ಅದು. ಮೊದಲ ಸಲ ಹೋದಾಗ ನಿಜ ಹೇಳಬೇಕೆಂದರೆ ಮೋಸ ಹೋದಂತಾಯ್ತು. ಸುತ್ತು ಸುತ್ತಾಗಿ ಮರದ ಬೇಲಿ, ಒಂದು ಬಿಳಿ ಪರದೆ, ಅದರಾಚೆ ಹುಲ್ಲಿನ ಮಾಡಿನ ತುದಿ. ಮೆಟ್ಟಿಲು ಹತ್ತಿದ ಮೇಲೆ ಫೋಟೊ ತೆಗೆಯುವಂತಿಲ್ಲ. ಆಮೇಲೆ ಪಕ್ಕದಲ್ಲಿ ಕಂಡದ್ದು ಅಷ್ಟೇ ಅಳತೆಯ ಇನ್ನೊಂದು ನಿವೇಶನ. ಬಿಳಿ ಕಲ್ಲು ಹರಡಿ ಖಾಲಿ ಬಿಟ್ಟಿದ್ದಾರೆ, ನಡುವೆ ಕೋಳಿಗೂಡಿನಷ್ಟು ಚಿಕ್ಕ ಮರದ ಗೂಡೊಂದು. ಮುಂದಿನ ಗುಡಿ ಏಳುವುದು ಅಲ್ಲಿ. 20 ವರ್ಷಕ್ಕೊಮ್ಮೆ ಪಕ್ಕದ ಜಾಗದಲ್ಲಿ ಅದೇ ಗುಡಿಯನ್ನು ಹೊಸದಾಗಿ ಕಟ್ಟಿ, ದೇವರನ್ನು ರಾತ್ರಿ ಹೊತ್ತು ಅಲ್ಲಿಗೆ ಕರೆದೊಯ್ದು, ಹಳೆಯದನ್ನು ಬಿಚ್ಚುತ್ತಾರೆ. ಇದಕ್ಕೆ ಶಿಕಿನೆನ್ ಸೆಂಗು ಅಂತ ಹೆಸರು. ಮೊದಲನೆಯದು 690ರಲ್ಲಿ, 62ನೆಯದು 2013ರಲ್ಲಿ. ಮುಂದಿನದು 2033ಕ್ಕೆ.

ಬಾಳಿಕೆ ಬರುವಂತೆ ಕಟ್ಟಲು ಗೊತ್ತಿಲ್ಲದೆ ಹೀಗೆ ಮಾಡುತ್ತಾರೆ ಅಂದುಕೊಳ್ಳಬೇಡಿ. ನಾರಾದ ಹತ್ತಿರದ ಹೋರ್ಯೂಜಿ ಅನ್ನುವ ಬೌದ್ಧ ದೇವಾಲಯ ಹೆಚ್ಚುಕಮ್ಮಿ ಅದೇ ಕಾಲದ್ದು. ಕಲ್ಲಿನ ಮೇಲೆ ಕಂಬ ನಿಲ್ಲಿಸಿ ಹೆಂಚು ಹೊದಿಸಿದ ಆ ಮರದ ಕಟ್ಟಡ ಈಗಲೂ ನಿಂತಿದೆ. ಇಸೆಯಲ್ಲಿ ಮಾತ್ರ ಬಣ್ಣ ಹಚ್ಚದ ಹಿನೋಕಿ, ಅಂದರೆ ಜಪಾನಿನ ಸೈಪ್ರೆಸ್ ಮರದ, ಕಂಬವನ್ನು ನೇರ ಮಣ್ಣಿಗೆ ಹುಗಿಯುತ್ತಾರೆ. ಬುಡ ಕೊಳೆಯುತ್ತದೆ ಅಂತ ಗೊತ್ತಿದ್ದೇ ಹುಗಿಯುತ್ತಾರೆ.

1904ರ ಸುಮಾರಿಗೆ ಮರದ ಅಭಾವ ಕಂಡ ಮಂತ್ರಿಗಳು ಮೇಜಿ ಚಕ್ರವರ್ತಿಗೆ ಒಂದು ಸಲಹೆ ಕೊಟ್ಟರಂತೆ: ಬುಡಕ್ಕೆ ಕಾಂಕ್ರೀಟು ಹಾಕಿಬಿಡೋಣ, 200 ವರ್ಷ ಅಲ್ಲಾಡುವುದಿಲ್ಲ. ರೈಲು, ಟೆಲಿಗ್ರಾಫು, ಕೋಟು ಎಲ್ಲವನ್ನೂ ಒಪ್ಪಿಕೊಂಡಿದ್ದ ಮನುಷ್ಯ ಇದೊಂದನ್ನು ಒಪ್ಪಲಿಲ್ಲ. ಮುಂದೆ 1923ರಲ್ಲಿ ದೇವಸ್ಥಾನದ ಸ್ವಂತ ಕಾಡಿಗೆ 200 ವರ್ಷದ ಯೋಜನೆ ಹಾಕಿ ಹಿನೋಕಿ ನೆಡತೊಡಗಿದರು. 2013ರಲ್ಲಿ ಬೇಕಾದ ಮರದಲ್ಲಿ ಐದರಲ್ಲೊಂದು ಪಾಲು ಆ ಕಾಡಿನಿಂದಲೇ ಬಂತು.

ಇದನ್ನು ಓದುವಾಗೆಲ್ಲ ನಮ್ಮೂರಿನ ಒಂದು ದೇವಸ್ಥಾನದ ಜೀರ್ಣೋದ್ಧಾರ ನೆನಪಾಗುತ್ತದೆ. ನಮ್ಮಲ್ಲೂ 12 ವರ್ಷಕ್ಕೊಮ್ಮೆ ಬ್ರಹ್ಮಕಲಶ ಇದೆ, ನವೀಕರಣ ನಮಗೇನು ಹೊಸತಲ್ಲ. ಆದರೆ ಆ ಸಲ ಹಲಸಿನ ತೊಲೆ, ಕೆತ್ತನೆಯ ದಾರಂದ ಎಲ್ಲ ಇಳಿಸಿ ಆರ್‌ಸಿಸಿ ಹಾಕಿದರು. "ಇನ್ನು ನೂರು ವರ್ಷ ಚಿಂತೆ ಇಲ್ಲ" ಅಂತ ಸಮಿತಿಯವರು ಮೈಕಿನಲ್ಲಿ ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ. ನೂರು ವರ್ಷ ಚಿಂತೆ ಇಲ್ಲ ಅಂದರೆ ನೂರು ವರ್ಷ ಆಚಾರಿಗೆ ಕೆಲಸ ಇಲ್ಲ ಅಂತಲೂ ಆಗುತ್ತದಲ್ಲ? ತೊಲೆ ಇಳಿಸಿದ ಆಚಾರಿಯ ಮಗ ಈಗ ಅಲ್ಯೂಮಿನಿಯಂ ಕಿಟಕಿ ಕೂರಿಸುತ್ತಾನೆ.

ಇಸೆಯ ಲೆಕ್ಕ ಬೇರೆ. ಇಪ್ಪತ್ತರ ಹುಡುಗ ಒಂದು ಸೆಂಗುವಿನಲ್ಲಿ ಉಳಿ ಮಸೆದು ಕಲಿಯುತ್ತಾನೆ, ನಲವತ್ತಕ್ಕೆ ತಾನೇ ಕಟ್ಟುತ್ತಾನೆ, ಅರವತ್ತಕ್ಕೆ ನಿಂತು ಬೈಯುತ್ತಾನೆ.

ಹಾಗಂತ ಭಾವುಕರಾಗಿ ಕೈಮುಗಿಯುವಂಥದ್ದೂ ಅಲ್ಲ. 15-16ನೆಯ ಶತಮಾನದ ಒಳಯುದ್ಧಗಳ ಕಾಲದಲ್ಲಿ 120 ವರ್ಷಕ್ಕೂ ಮೇಲ್ಪಟ್ಟು ಈ ಪದ್ಧತಿ ನಿಂತೇ ಹೋಗಿತ್ತು. 1949ರಲ್ಲಿ ಆಗಬೇಕಿದ್ದದ್ದು ಮಹಾಯುದ್ಧದ ಸೋಲಿನ ಬಡತನದಲ್ಲಿ 1953ಕ್ಕೆ ಹೋಯಿತು. ಕಳೆದ ಬಾರಿಯ ಖರ್ಚು 5,000 ಕೋಟಿ ಯೆನ್‌ಗೂ ಮಿಕ್ಕಿ. ಸರ್ಕಾರ ಕೊಡುವಂತಿಲ್ಲ, ದೇಣಿಗೆ ಎತ್ತಬೇಕು. ಇನ್ನು ದೇವರಿಗೆ ಪ್ರತಿ ಸಲ ಹೊಸದಾಗಿ ಮಾಡಿಸುವ ಒಡವೆ, ಆಯುಧಗಳಲ್ಲಿ ಒಂದು ಖಡ್ಗವಿದೆ. ಅದರ ಹಿಡಿಗೆ ಟೋಕಿ ಅನ್ನುವ, ಕೊಕ್ಕರೆಯಂಥ ಹಕ್ಕಿಯ ಎರಡು ಗರಿ ಬೇಕು. ಬೇಟೆ, ಗದ್ದೆಗೆ ಹೊಡೆದ ಕೀಟನಾಶಕ ಎರಡೂ ಸೇರಿ ಆ ಹಕ್ಕಿಯನ್ನೇ ಮುಗಿಸಿದವು. ಜಪಾನಿನ ಮೂಲ ಸಂತತಿಯ ಕೊನೆಯ ಟೋಕಿ 2003ರಲ್ಲಿ ಸತ್ತಿತು. ಈಗ ಸಾಡೋ ದ್ವೀಪದಲ್ಲಿ ಹಾರುತ್ತಿರುವುದು ಚೀನಾದಿಂದ ತಂದ ಹಕ್ಕಿಗಳ ಸಂತತಿ. ಬಡಗಿಯನ್ನು ತಯಾರು ಮಾಡಬಹುದು, ಅಳಿದ ಹಕ್ಕಿಯನ್ನು ಯಾವ ಗುರು ತಯಾರು ಮಾಡುತ್ತಾನೆ?

2033ರ ಕೆಲಸ ಶುರುವಾಗಿದೆ. 2025ರ ಜೂನ್‌ನಲ್ಲಿ ಕಿಸೋ ಕಾಡಿನಲ್ಲಿ ಮೊದಲ ಹಿನೋಕಿ ಕಡಿದರು. ಗರಗಸ ಇಲ್ಲ, ಕೊಡಲಿ ಮಾತ್ರ. ಮೂರು ಕಡೆಯಿಂದ ಕಡಿಯುತ್ತ ಬೊಡ್ಡೆಯ ನಡುವೆ ಟೊಳ್ಳು ಮಾಡುತ್ತಾರೆ, ಮರ ಮೂರು ಕಾಲಿನ ಮೇಲೆ ನಿಲ್ಲುತ್ತದೆ. ಕೊನೆಯ ಕಾಲಿಗೆ ಏಟು ಹಾಕುವ ಮುಂಚೆ ಅವರು "ಬೀಳುತ್ತೆ" ಅಂತ ಕೂಗುವುದಿಲ್ಲ, "ಮಲಗುತ್ತೆ" ಅನ್ನುತ್ತಾರೆ. ಬಿದ್ದ ಮೇಲೆ ಅದೇ ಮರದ ತುದಿಯ ಟೊಂಗೆಯೊಂದನ್ನು ಬೊಡ್ಡೆಗೆ ಸಿಕ್ಕಿಸುತ್ತಾರೆ.

ಬಿಚ್ಚಿದ ಮರವನ್ನೂ ಬಿಸಾಡುವುದಿಲ್ಲ. ಗುಡಿಯ ಎರಡು ತುದಿಯ ದೊಡ್ಡ ಕಂಬಗಳು ದೇವಸ್ಥಾನಕ್ಕೆ ಹೋಗುವ ಉಜಿ ಸೇತುವೆಯ ತೋರಿ, ಅಂದರೆ ಕಮಾನು, ಆಗುತ್ತವೆ. ಮತ್ತೆ 20 ವರ್ಷ ಕಳೆದ ಮೇಲೆ ಹಳೆಯ ಯಾತ್ರಾ ದಾರಿಯ ಊರುಗಳಿಗೆ ಹೋಗುತ್ತವೆ. ಅದರಲ್ಲಿ ಕುವಾನಾ ಒಂದು, ಇಸೆಯಿಂದ ನಗೋಯಾಕ್ಕೆ ವಾಪಸು ಬರುವ ರೈಲು ದಾರಿಯಲ್ಲೇ ಸಿಗುತ್ತದೆ. ಕಳೆದ ಭಾನುವಾರ ಇಳಿದು ನೋಡಿದೆ. ಆ ತೋರಿ ನದಿಯ ದಂಡೆಯಲ್ಲಿ ನಿಂತಿದೆ. 1973ರಲ್ಲಿ ಗುಡಿ ಸೇರಿದ ಮರ, ನನಗಿಂತ ಹಿರಿಯದು. ಬೂದುಬಣ್ಣಕ್ಕೆ ತಿರುಗಿ ಉದ್ದಕ್ಕೆ ಸೀಳು ಬಿಟ್ಟಿದೆ. ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆ. "ಸೂಪರ್ ಟೆಕ್ಸ್ಚರ್, ಯಾವ ಕಂಪನಿ ಪೇಂಟು?" ಅಂತ ಕೇಳಿದ್ದಾನೆ.