ಎಸ್ಪಾನ್ಯಾ ಅಂತ ಅಡ್ಡಹೆಸರು ಇದ್ದವನನ್ನು ಸ್ಪೇನ್ ಗಲ್ಲಿಗೇರಿಸಿತು

1799ರ ಮೇ ತಿಂಗಳಲ್ಲಿ ಕರಾಕಸ್ ನಗರದಲ್ಲಿ ಹೊಸೆ ಮರಿಯಾ ಎಸ್ಪಾನ್ಯಾ ಅನ್ನುವವನನ್ನು ಗಲ್ಲಿಗೆ ಹಾಕಿದರು. ವೆನೆಜುವೆಲಾವನ್ನು ಸ್ಪೇನ್ ಕೈಯಿಂದ ಬಿಡಿಸಲು ಸಂಚು ಮಾಡಿದ್ದು ಅವನ ತಪ್ಪು. ಸ್ಪೇನಿನವರು ತಮ್ಮ ದೇಶವನ್ನು ಕರೆಯುವುದೇ ಎಸ್ಪಾನ್ಯಾ ಅಂತ!

ಇವನು ಲಾ ಗ್ವಾಯ್ರಾ ಬಂದರಿನವನು. ಜೊತೆಗಾರ ಮಾನ್ವೆಲ್ ಗ್ವಾಲ್. ಗುಲಾಮಗಿರಿ ಹೋಗಬೇಕು, ಬಿಳಿಯರು ಕರಿಯರು ಮೂಲನಿವಾಸಿಗಳು ಎಲ್ಲರೂ ಸಮ ಅಂತ ಅವರು ಬರೆದಿಟ್ಟಿದ್ದರು. 1797ರಲ್ಲಿ ಗುಟ್ಟು ಬಯಲಾಯಿತು. ಎಸ್ಪಾನ್ಯಾ ತಪ್ಪಿಸಿಕೊಂಡು ಹೋದವನು ಗುಟ್ಟಾಗಿ ಮನೆಗೆ ಮರಳಿ ಸಿಕ್ಕಿಬಿದ್ದ. ಕೊಂದ ಮೇಲೆ ದೇಹ ತುಂಡು ಮಾಡಿ, ತಲೆಯನ್ನು ಲಾ ಗ್ವಾಯ್ರಾದಲ್ಲೇ ಜನ ನೋಡಲಿ ಅಂತ ಇಟ್ಟರು.

ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ನಿಮ್ಮ ಸರ್‌ನೇಮ್ ಕೊಡಿ, ವಂಶದ ಲಾಂಛನ ಕಳಿಸುತ್ತೇವೆ ಅನ್ನುವ ಜಾಹೀರಾತುಗಳು ಈಗ ಜಾಸ್ತಿ. ಹೆಸರಲ್ಲಿ ದೇಶ ಇದ್ದರೆ ಸಾಕು, ಹಿರಿಯರು ಆ ದೇಶದ ದೊರೆಗಳೇ ಇರಬೇಕು ಅಂತ ನಂಬುವವರೂ ಇದ್ದಾರೆ. ನನಗೆ ಇದು ಸುಮ್ನೆ ದುಡ್ಡು ಕೀಳುವ ದಾರಿ ಅನಿಸುತ್ತದೆ.

ಊರಿನ ಹೆಸರು ಮನುಷ್ಯನಿಗೆ ಅಂಟುವುದು ಅವನು ಊರು ಬಿಟ್ಟ ಮೇಲೆ. ಹುಬ್ಬಳ್ಳಿಯಲ್ಲೇ ಇರುವವನನ್ನು ಯಾರು ಹುಬ್ಬಳ್ಳಿ ಅಂತ ಕರೆಯುತ್ತಾರೆ? ಬೇರೆ ಊರಿಗೆ ಹೋಗಿ ನೆಲೆಸಿದಾಗಲೇ ಅವನು ಹುಬ್ಬಳ್ಳಿಯವನು. ಸ್ಪೇನಿನ ಊರು, ಪ್ರಾಂತ್ಯಗಳಿಂದ ಬಂದ ಟೊಲೆಡೊ, ನವಾರೊ, ಕತಲಾನ್ ಅನ್ನುವ ಹೆಸರುಗಳೂ ಹೀಗೇ. ಹಾಗಾಗಿ ಎಸ್ಪಾನ್ಯಾ ಅನ್ನುವ ಹೆಸರು ಮೊದಲು ಸ್ಪೇನ್ ದಾಟಿದವರಿಗೆ, ಇಲ್ಲವೇ ಗಡಿಯಾಚೆಯ ಜನರ ಬಾಯಲ್ಲಿ ಹುಟ್ಟಿರುವುದೇ ಹೆಚ್ಚು ನಂಬುವಂಥದ್ದು. ಕೆಲವರು ತಾವೇ ಇಟ್ಟುಕೊಂಡದ್ದೂ ಉಂಟು. ಸ್ಪೇನಿನ ಕ್ಯಾಟಲೋನಿಯಾ ಪ್ರಾಂತ್ಯದಲ್ಲಿ ಕ್ರೂರ ಆಡಳಿತ ನಡೆಸಿದ ಕೌಂಟ್ ಆಫ್ ಎಸ್ಪಾನ್ಯಾ ಹುಟ್ಟಿದ್ದು ಫ್ರಾನ್ಸಿನಲ್ಲಿ. ಅವನ ಮನೆತನದ ಹೆಸರು ಎಸ್ಪಾನ್ಯಾಕ್. ಸ್ಪೇನಿನ ಸೇವೆಗೆ ಬಂದ ಮೇಲೆ ಅದನ್ನು ಎಸ್ಪಾನ್ಯಾ ಮಾಡಿಕೊಂಡ.

ಪರಾಗ್ವೆಯನ್ನು 1814ರಿಂದ 1840ರವರೆಗೆ ಬಿಗಿ ಮುಷ್ಟಿಯಲ್ಲಿಟ್ಟವನ ಹೆಸರು ರೊಡ್ರಿಗೆಸ್ ದೆ ಫ್ರಾನ್ಸಿಯಾ. ಸ್ಪ್ಯಾನಿಷ್‌ನಲ್ಲಿ ಫ್ರಾನ್ಸಿಯಾ ಅಂದರೆ ಫ್ರಾನ್ಸ್. ಆದರೆ ಅಪ್ಪ ಬಂದದ್ದು ಪೋರ್ಚುಗೀಸರ ಬ್ರೆಜಿಲ್‌ನಿಂದ.

ಇನ್ನು ದೇಶದ ಹೆಸರೇ ಹೊರಗಿನವರು ಇಟ್ಟದ್ದು. ಗ್ರೀಕರು ಆ ನೆಲವನ್ನು ಐಬೀರಿಯಾ ಅಂದರು, ರೋಮನ್ನರು ಹಿಸ್ಪಾನಿಯಾ ಅಂದರು. ಹಿಸ್ಪಾನಿಯಾ ಸವೆದು ಎಸ್ಪಾನ್ಯಾ ಆಯಿತು. ರೋಮನ್ನರಿಗೆ ಅದು ಈಗಿನ ಲೆಬನಾನ್ ಕಡೆಯ ಫಿನಿಷಿಯನ್ ವರ್ತಕರಿಂದ ಬಂತು ಅಂತ ಹೆಚ್ಚಿನವರ ಅಭಿಪ್ರಾಯ. ಜನಪ್ರಿಯ ವಾದ ಏನೆಂದರೆ ಅದರರ್ಥ ಮೊಲಗಳ ನಾಡು. ಫಿನಿಷಿಯನ್ನರ ಊರ ಕಡೆ ಬಂಡೆಗಳ ನಡುವೆ ಹೈರ್ಯಾಕ್ಸ್ ಅನ್ನುವ ಪುಟ್ಟ ಪ್ರಾಣಿ ಇದೆ. ಸ್ಪೇನಿನಲ್ಲಿ ಮೊಲಗಳನ್ನು ಕಂಡು ಅದೇ ಹೆಸರಿಟ್ಟರಂತೆ. ಮೊಲಗಳಿಗೇನೂ ಕೊರತೆ ಇರಲಿಲ್ಲ. ಮೊಲಗಳ ಕಾಟ ತಾಳಲಾರದೆ ಬಲೆಯಾರಿಕ್ ದ್ವೀಪದವರು ಅಗಸ್ಟಸ್ ಚಕ್ರವರ್ತಿಯ ಹತ್ತಿರ ಸೈನ್ಯ ಬೇಡಿದರು ಅಂತ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ರೋಮನ್ ಚಕ್ರವರ್ತಿ ಹೇಡ್ರಿಯನ್ ಹೊರಡಿಸಿದ ನಾಣ್ಯದಲ್ಲಿ ಹಿಸ್ಪಾನಿಯಾ ದೇವಿಯ ಪಕ್ಕ ಮೊಲ ಇದೆ. (ನಮ್ಮ ಮಂಗಳೂರಿನ ಕ್ಯಾಥೊಲಿಕ್ಕರಲ್ಲಿ ಕುವೆಲ್ಲೊ ಇದ್ದಾರಲ್ಲ, ಪೋರ್ಚುಗೀಸ್‌ನಲ್ಲಿ ಅದೂ ಮೊಲವೇ.)

ಲೋಹ ಕಾಯಿಸಿ ಬಡಿಯುವ ನಾಡು ಅನ್ನುವುದು ಇನ್ನೊಂದು ವಾದ. ನನ್ನ ಒಲವು ಇದರ ಕಡೆ. ಫಿನಿಷಿಯನ್ನರು ಅಷ್ಟು ದೂರ ಹಡಗು ಬಿಟ್ಟದ್ದು ಬೆಳ್ಳಿಗಾಗಿ. ವ್ಯಾಪಾರಿಗೆ ನೆನಪಿರುವುದು ಮೊಲವಾ, ಬೆಳ್ಳಿಯಾ?

ಈಗಿನ ಸ್ಪೇನ್ ರಾಜನ ಅಡ್ಡಹೆಸರಲ್ಲಿ ಎಸ್ಪಾನ್ಯಾ ಇಲ್ಲವೇ ಇಲ್ಲ. ಫೆಲಿಪೆ ದೆ ಬೊರ್ಬೋನ್ ಇ ಗ್ರೆಸಿಯಾ. ಅಲ್ಲಿ ಅಪ್ಪನದೊಂದು, ಅಮ್ಮನದೊಂದು ಹೆಸರು ಸೇರುತ್ತದೆ. ಬೊರ್ಬೋನ್ ಫ್ರಾನ್ಸಿನಿಂದ ಬಂದದ್ದು. ಗ್ರೆಸಿಯಾ ಅಂದರೆ ಗ್ರೀಸ್, ಅಮ್ಮ ಸೋಫಿಯಾ ಗ್ರೀಸಿನ ರಾಜಕುಮಾರಿ. ಆ ಗ್ರೀಕ್ ರಾಜಮನೆತನವಾದರೂ ಡೆನ್ಮಾರ್ಕಿನಿಂದ ಬಂದದ್ದು!

ಸೋಫಿಯಾಳ ತಮ್ಮ ಕಾನ್‌ಸ್ಟಂಟೈನ್ ಗ್ರೀಸಿನ ಕೊನೆಯ ರಾಜ. 1994ರಲ್ಲಿ ಗ್ರೀಕ್ ಸರ್ಕಾರ ಅವನ ಪೌರತ್ವ ಕಿತ್ತುಕೊಂಡಿತು. ಬೇಕಿದ್ದರೆ ಎಲ್ಲರ ಹಾಗೆ ಒಂದು ಸರ್‌ನೇಮ್ ಇಟ್ಟುಕೊಂಡು ಬಾ ಅಂತು. ನಮ್ಮ ಮನೆತನಕ್ಕೆ ಅಂಥದ್ದಿಲ್ಲ ಅಂತ ಅವನು ಹಟ ಹಿಡಿದ. 2023ರಲ್ಲಿ ತೀರಿಕೊಂಡ. 2024ರ ಡಿಸೆಂಬರಿನಲ್ಲಿ ಅವನ ಕುಟುಂಬದವರು ಪೌರತ್ವ ವಾಪಸ್ ಪಡೆದರು, ಇಟ್ಟುಕೊಂಡ ಹೆಸರು 'ದ ಗ್ರೆಸ್'. ಫ್ರೆಂಚ್‌ನಲ್ಲಿ, ಗ್ರೀಸಿನವರು ಅಂತ. ಎಡಪಕ್ಷಗಳು ತಕರಾರು ತೆಗೆದವು. ನನಗೂ ತಕರಾರು ಸರಿಯೇ ಅನಿಸುತ್ತದೆ. ವಲಸೆ ಬಂದವನನ್ನು ಊರ ಜನ ಎಸ್ಪಾನ್ಯಾ ಅಂತ ಕರೆಯುವುದು ಬೇರೆ. ಜನ ಮತ ಹಾಕಿ ಇಳಿಸಿದ ರಾಜಮನೆತನ ಇಡೀ ದೇಶವನ್ನೇ ತನ್ನ ಪಾಸ್‌ಪೋರ್ಟಿಗೆ ಬರೆಸಿಕೊಳ್ಳುವುದು ಬೇರೆ ಅಲ್ವಾ?