ಕೊಡಲಿ ಕದ್ದವರ ಅಭಿಮಾನ

ನವೆಂಬರಿನ ಒಂದು ಬೆಳಿಗ್ಗೆ ವಿಡಿಯೊ ಕರೆ ಮಾಡಿದ ಅಕ್ಕನ ಮಗ ಕ್ಷೇಮ ಸಮಾಚಾರಕ್ಕೂ ಮೊದಲು ಹೇಳಿದ್ದು, ‘ಮಾಮ, ಈ ವಾರ ಆ ಕೆಂಪು ಅಂಗಿ ಹಾಕಿಕೊಳ್ಳಬೇಡಿ!’ ಅವನು ಓದುತ್ತಿರುವುದು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಕೆಂಪು ಎದುರಾಳಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬಣ್ಣ. ಬರ್ಕ್ಲಿಯ ಕ್ರೀಡಾಂಗಣದಲ್ಲಿ ಯಾರಾದರೂ ಕೆಂಪು ಉಟ್ಟು ಕಂಡರೆ ‘ಆ ಕೆಂಪಂಗಿ ತೆಗೆಯಿರಿ’ ಎಂದು ಗ್ಯಾಲರಿಗೆ ಗ್ಯಾಲರಿಯೇ ಅರಚುತ್ತದಂತೆ. ನನ್ನ ಮನೆಯಲ್ಲಿ, ನನ್ನ ದುಡ್ಡಿನ ಅಂಗಿಗೆ, ಸಾಗರದಾಚೆಯಿಂದ ಆಕ್ಷೇಪಣೆ! ಹುಡುಗ ಅಲ್ಲಿಗೆ ಹೋಗಿ ಒಂದು ಸೆಮಿಸ್ಟರೂ ಮುಗಿದಿಲ್ಲ. ಅಮೆರಿಕನ್ ಫುಟ್‌ಬಾಲಿನ ನಿಯಮ ಕೇಳಿದರೆ ತಡವರಿಸುತ್ತಾನೆ. ಹಗೆತನ ಮಾತ್ರ ಅಷ್ಟರಲ್ಲೇ ಬಾಯಿಪಾಠವಾಗಿದೆ.

ಈ ಎರಡು ವಿಶ್ವವಿದ್ಯಾಲಯಗಳ ನಡುವಿನ ಅಮೆರಿಕನ್ ಫುಟ್‌ಬಾಲ್ ಪಂದ್ಯ ‘ಬಿಗ್ ಗೇಮ್’ ಶುರುವಾದದ್ದು 1892ರಲ್ಲಿ. ಆ ಮೊದಲ ಪಂದ್ಯಕ್ಕೆ ಚೆಂಡು ತರುವುದನ್ನೇ ಮರೆತಿದ್ದರೆಂದು ಪ್ರತೀತಿ. ಸ್ಟ್ಯಾನ್‌ಫರ್ಡ್ ಕಡೆಯ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ವಿದ್ಯಾರ್ಥಿ ಹರ್ಬರ್ಟ್ ಹೂವರ್ ಮುಂದೆ ದೇಶದ ಅಧ್ಯಕ್ಷನೇ ಆದ. ಚೆಂಡಿನ ಕಥೆ ಹಾಗಿರಲಿ, ಕೊಡಲಿಯ ಕಥೆಗೆ ಬರೋಣ.

1899ರ ಏಪ್ರಿಲ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ನಡೆದ ಬೇಸ್‌ಬಾಲ್ ಪಂದ್ಯಕ್ಕೆ ಸ್ಟ್ಯಾನ್‌ಫರ್ಡಿನವರು ಮರ ಕಡಿಯುವ ದೊಡ್ಡ ಕೊಡಲಿಯೊಂದನ್ನು ಹೊತ್ತು ತಂದರು. ತಮ್ಮವರು ಚೆನ್ನಾಗಿ ಆಡಿದಾಗಲೆಲ್ಲ ಬರ್ಕ್ಲಿಯ ನೀಲಿ-ಹೊನ್ನಿನ ಪಟ್ಟಿಗಳನ್ನು ಅದರಿಂದ ಕತ್ತರಿಸಿ ಕುಣಿದರು. ಕೊನೆಗೆ ಗೆದ್ದವರು ಬರ್ಕ್ಲಿಯವರು. ಗೆಲುವಷ್ಟೇ ಸಾಲದೆ, ಕೊಡಲಿಯನ್ನೂ ಕಿತ್ತುಕೊಂಡು ಓಡಿದರು. ಊರ ಬೀದಿಗಳಲ್ಲೆಲ್ಲ ಬೆನ್ನಟ್ಟುವಿಕೆ. ನಡುವೆ ಒಂದು ಮಾಂಸದಂಗಡಿಗೆ ನುಗ್ಗಿ ಕಾವನ್ನು ಕತ್ತರಿಸಿ ಹಾಕಿದರು. ಉಳಿದ ತಲೆಯನ್ನು ಒಬ್ಬ ಕೋಟಿನೊಳಗೆ ಅವಿತಿಟ್ಟುಕೊಂಡ. ಕೊಲ್ಲಿ ದಾಟಿಸುವ ದೋಣಿಯ ಕಟ್ಟೆಯಲ್ಲಿ ಕಾವಲಿತ್ತು. ಆ ಗಳಿಗೆಗೆ ಸರಿಯಾಗಿ ಪರಿಚಯದ ಯುವತಿಯೊಬ್ಬಳು ಅಲ್ಲಿ ಸಿಕ್ಕಳು. ಮಹಾಶಯ ಅವಳಿಗೆ ಜೊತೆಯಾದ. ಹೆಂಗಸಿನ ಜೊತೆಗಿರುವ ಸಭ್ಯನನ್ನು ತಡೆಯುವವರು ಯಾರು? ಎದೆಗೆ ಕಬ್ಬಿಣವನ್ನು ಅವಚಿಕೊಂಡೇ ದೋಣಿ ಹತ್ತಿದ.

ಆಮೇಲೆ ಮೂರು ದಶಕ ಆ ಕಬ್ಬಿಣದ ತುಂಡು ಬ್ಯಾಂಕಿನ ಖಜಾನೆಯಲ್ಲಿ! ವರ್ಷಕ್ಕೊಮ್ಮೆ ಕಾವಲಿನೊಂದಿಗೆ ಮೆರವಣಿಗೆ. 1930ರಲ್ಲಿ ಸ್ಟ್ಯಾನ್‌ಫರ್ಡಿನ 21 ಹುಡುಗರು ಹೊಂಚು ಹಾಕಿದರು. ಕೆಲವರು ಪತ್ರಿಕಾ ಛಾಯಾಗ್ರಾಹಕರ ವೇಷ ತೊಟ್ಟು ಬ್ಯಾಂಕಿನ ಮುಂದೆ ಪೋಸು ಕೊಡಿಸುವ ನೆಪದಲ್ಲಿ ಕಣ್ಣು ಕುಕ್ಕಿಸಿ, ಅಶ್ರುವಾಯು ಹಾರಿಸಿ, ಕೊಡಲಿ ಎತ್ತಿಕೊಂಡು ಪರಾರಿಯಾದರು. ಅವರಿಗೆ ಸಿಕ್ಕ ಬಿರುದು ‘ಅಮರ 21’. ಬೇರೆ ಯಾರಾದರೂ ಬ್ಯಾಂಕಿನ ಬಾಗಿಲಲ್ಲಿ ಅಶ್ರುವಾಯು ಹಾರಿಸಿದರೆ ಜೈಲು, ಒಳ್ಳೆಯ ಕಾಲೇಜಿನವರು ಹಾರಿಸಿದರೆ ಪರಂಪರೆ. 1933ರಿಂದ ಅದೇ ಬಿಗ್ ಗೇಮ್ ಗೆದ್ದವರ ಪಾರಿತೋಷಕ.

ಇಷ್ಟು ಓದಿದ ಜನ ಏಕೆ ಹೀಗಾಡುತ್ತಾರೆ ಎಂಬ ಗಂಭೀರ ಪ್ರಶ್ನೆಗೆ ಉತ್ತರ ಹುಡುಕಬೇಕೆಂದೇ ಬರೆಯಲು ಕುಳಿತದ್ದು. ಆದರೆ 1982ರ ಬಿಗ್ ಗೇಮಿನ ಕಥೆ ಹೇಳದೆ ಹೋದರೆ ಸೋದರಳಿಯ ನನ್ನೊಡನೆ ಮಾತು ಬಿಡುತ್ತಾನೆ.

ಆ ವರ್ಷ ನಾಲ್ಕೇ ಸೆಕೆಂಡು ಉಳಿದಿದ್ದಾಗ ಸ್ಟ್ಯಾನ್‌ಫರ್ಡ್ 20-19ರಿಂದ ಮುಂದಿತ್ತು. ಬರ್ಕ್ಲಿಯವರು ಚೆಂಡನ್ನು ಕೈಯಿಂದ ಕೈಗೆ ಐದು ಸಲ ದಾಟಿಸಿದರು. ಪಂದ್ಯ ಮುಗಿಯಿತೆಂದುಕೊಂಡ ಸ್ಟ್ಯಾನ್‌ಫರ್ಡಿನ ವಾದ್ಯವೃಂದ ಆಗಲೇ ಮೈದಾನಕ್ಕೆ ಇಳಿದಿತ್ತು. ಕೆವಿನ್ ಮೋಯೆನ್ ಆ ತುತ್ತೂರಿಗಳ ನಡುವೆಯೇ ನುಗ್ಗಿ, ಗೆಲುವಿನ ಗೆರೆ ದಾಟಿ, ಟ್ರೊಂಬೋನ್ ವಾದಕನೊಬ್ಬನನ್ನು ಕೆಡವಿದ. ಬರ್ಕ್ಲಿ 25, ಸ್ಟ್ಯಾನ್‌ಫರ್ಡ್ 20. ಕೆಲವೇ ದಿನಗಳಲ್ಲಿ ಸ್ಟ್ಯಾನ್‌ಫರ್ಡಿನವರು ಬರ್ಕ್ಲಿಯ ವಿದ್ಯಾರ್ಥಿ ಪತ್ರಿಕೆಯ ನಕಲಿ ಸಂಚಿಕೆಯನ್ನೇ ಅಚ್ಚು ಹಾಕಿಸಿ, ಫಲಿತಾಂಶ ರದ್ದಾಯಿತೆಂದು ಹಂಚಿದರು.

ಪಾರಿತೋಷಕದ ಫಲಕದಲ್ಲಿ ಪ್ರತಿ ವರ್ಷದ ಅಂಕಗಳಿವೆ. ಕೊಡಲಿ ಸ್ಟ್ಯಾನ್‌ಫರ್ಡಿಗೆ ಬಂದಾಗ ಅವರು 1982ರ ಅಂಕವನ್ನು 20-19 ಎಂದು ತಿದ್ದುತ್ತಾರೆ. ಬರ್ಕ್ಲಿಗೆ ಮರಳಿದಾಗ ಇವರು ಮತ್ತೆ 25-20 ಮಾಡುತ್ತಾರೆ. ಎರಡೂ ಕಡೆ ನೊಬೆಲ್ ಪಡೆದವರು ಸಾಲುಗಟ್ಟಿದ್ದಾರೆ. ಬರ್ಕ್ಲಿಯಲ್ಲಂತೂ ಅವರ ಕಾರು ನಿಲ್ಲಿಸಲು ಮೀಸಲು ಜಾಗವೇ ಇದೆ. ಅಷ್ಟು ಜನರಲ್ಲಿ ಒಬ್ಬರಾದರೂ ಕಾರಿನಿಂದಿಳಿದು ಬಂದು ಆ ಫಲಕಕ್ಕೆ ಭದ್ರವಾಗಿ ಬೆಸುಗೆ ಹಾಕಿಸಬಾರದೇ?